18 ತಿಂಗಳ ಕುದುರೆ, 89 ವರ್ಷದ ಒಲೆ

ನಮಸ್ಕಾರ. ಅಮೆರಿಕದ ಯೂಟಾ ರಾಜ್ಯದ ಫೇರ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ಎರಡಂತಸ್ತಿನ ಒಂದು ಹಳೆಯ ಮನೆಯಿದೆ. 1858ರಲ್ಲಿ ಜಾನ್ ಕಾರ್ಸನ್ ಹಸಿ ಇಟ್ಟಿಗೆ ಮತ್ತು ಮರದಿಂದ ಕಟ್ಟಿದ ತಂಗುಮನೆ ಅದು. ಛತ್ರ ಎನ್ನೋಣವೆಂದರೆ ಅಲ್ಲಿ ಊಟಕ್ಕೂ ಹಾಸಿಗೆಗೂ ಕಾಸು ಬಿಚ್ಚಬೇಕಿತ್ತು.

ಇದರ ಮಾತೆತ್ತಿದರೆ ಸಾಕು, ಎಲ್ಲರಿಗೂ ನೆನಪಾಗುವುದು ಪೋನಿ ಎಕ್ಸ್‌ಪ್ರೆಸ್. ಮಿಸೌರಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು ಹತ್ತು ದಿನದಲ್ಲಿ ಕಾಗದ ಮುಟ್ಟಿಸಿದ ಸವಾರರ ದಾರಿಯಲ್ಲಿ ಇದೂ ಒಂದು ಠಾಣೆ, ನಿಜ. ಆದರೆ ಆ ಟಪಾಲು ಓಡಿದ್ದು 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ಮಾತ್ರ. ಟೆಲಿಗ್ರಾಫ್ ತಂತಿ ಬಂತು, ಕುದುರೆ ನಿಂತಿತು. ಕಾರ್ಸನ್ ಮನೆತನ ಬಾಗಿಲು ತೆರೆದಿಟ್ಟುಕೊಂಡದ್ದು 1947ರವರೆಗೆ! ಯಾವುದು ದೊಡ್ಡ ಸಾಹಸ, ನೀವೇ ಹೇಳಿ.

ಮೊದಲಿಗೆ ಈ ಮನೆಗೆ ಅನ್ನ ಹುಟ್ಟಿಸಿದ್ದು ಸೈನ್ಯ. ಯೂಟಾದಲ್ಲಿ ನೆಲೆಸಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ದಂಗೆಯೆದ್ದಿದ್ದಾರೆಂಬ ಗುಮಾನಿಯಲ್ಲಿ ಅಧ್ಯಕ್ಷ ಬ್ಯುಕ್ಯಾನನ್ ಕಳಿಸಿದ ಮೂರು ಸಾವಿರಕ್ಕೂ ಮಿಕ್ಕ ಸೈನಿಕರು ಊರ ಪಕ್ಕದಲ್ಲೇ ಬೀಡುಬಿಟ್ಟರು. ಕ್ಯಾಂಪ್ ಫ್ಲಾಯ್ಡ್ ಎಂದು ಅದಕ್ಕೆ ಹೆಸರು. ದೊಡ್ಡ ಕದನವೇನೂ ನಡೆಯಲಿಲ್ಲ. ನಡೆದದ್ದು ಹೆಂಡದಂಗಡಿಗಳ ವ್ಯಾಪಾರ. 1861ರಲ್ಲಿ ಅಂತರ್ಯುದ್ಧ ಸೈನ್ಯವನ್ನು ಪೂರ್ವಕ್ಕೆ ಕರೆಯಿತು. ಸುಮಾರು 40 ಲಕ್ಷ ಡಾಲರಿನ ಸಾಮಾನು ಒಂದು ಲಕ್ಷದ ಆಸುಪಾಸಿಗೆ ಹರಾಜಾಯಿತು.

ಅದೇ ಬೇಸಿಗೆಯಲ್ಲಿ ಸಾರೋಟಿನಲ್ಲಿ ಬಂದವರಲ್ಲಿ ಮುಂದೆ ಹೆಸರಾಂತ ಲೇಖಕನಾದ ಮಾರ್ಕ್ ಟ್ವೇನ್ ಒಬ್ಬ. ಆಗಿನ್ನೂ ಆ ಹೆಸರೂ ಇರಲಿಲ್ಲ, ಕೀರ್ತಿಯೂ ಇರಲಿಲ್ಲ. ಅವನೇ ಬರೆದಂತೆ ಬೀಡನ್ನು ತಲುಪಿದ್ದು ಬೆಳಗ್ಗೆ ಎಂಟಕ್ಕೆ. ಸಾಲ್ಟ್ ಲೇಕ್ ಸಿಟಿಯಿಂದ ಅಲ್ಲಿಗೆ ಬಂದಷ್ಟೇ ದೂರವನ್ನು ಸಂಜೆ ನಾಲ್ಕಕ್ಕೆ ಮತ್ತೆ ದಾಟಿಯಾಗಿತ್ತು. ಅವನ ಕಣ್ಣಿಗೆ ಬಿದ್ದದ್ದು ಪಾಳುಬೀಡು. ಟಪಾಲು ಸಾರೋಟು ಹಗಲಿರುಳು ಓಡುವಂಥದ್ದು. ಕುದುರೆ ಬದಲಿಸುವಷ್ಟರಲ್ಲಿ ಪ್ರಯಾಣಿಕ ಎರಡು ತುತ್ತು ನುಂಗಿ, ಮೈಮೇಲಿನ ಧೂಳನ್ನೂ ಕೊಡವದೆ ಮತ್ತೆ ಹತ್ತಬೇಕು. ಅಂಥವನನ್ನು ಈ ತಂಗುಮನೆಯ ಹೆಸರಾಂತ ಅತಿಥಿಗಳ ಪಟ್ಟಿಯಲ್ಲಿ ಮೆರೆಸುವುದು ನನಗೆ ತುಸು ನಗೆ ತರಿಸುತ್ತದೆ.

1869ರಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ಬಂದ ರೈಲು ಹಳಿಗಳು ಉತ್ತರದಲ್ಲಿ, ಯೂಟಾದ ಪ್ರಾಮಂಟರಿ ಎಂಬಲ್ಲಿ ಕೂಡಿಕೊಂಡವು. ದೂರದ ಪ್ರಯಾಣಿಕರೂ ಕೈತಪ್ಪಿದರು. ಸೈನ್ಯವಿಲ್ಲ, ಟಪಾಲಿಲ್ಲ, ದಾರಿಹೋಕರೂ ವಿರಳ. ಆದರೂ ಆ ಮನೆಯವರು ನೀರು ಕಾಯಿಸಿದರು, ರೊಟ್ಟಿ ಸುಟ್ಟರು, ಹಾಸಿಗೆ ಕೊಡವಿದರು. 1964ರಿಂದ ಅದು ರಾಜ್ಯದ ಉದ್ಯಾನ. ಅಲ್ಲಿ ಫಲಕ ಬರೆಸುವ ಕೆಲಸವನ್ನು ನನಗೆ ಕೊಟ್ಟರೆ ನಡುವೆ ಒಲೆಯ ಚಿತ್ರ ಹಾಕಿಸುತ್ತೇನೆ. ಕುದುರೆ ಮೂಲೆಯಲ್ಲಿ ನಿಂತಿರಲಿ.