ಎರಡು ಕಣ್ಣಿನ ‘ಹೇ’

ಕೇಳುಗರೇ, ನಮಸ್ಕಾರ.

ಕನ್ನಡದಲ್ಲಿ ‘ಘ’ ಬರೆಯಲು ಒಂದೇ ಅಕ್ಷರ ಸಾಕು. ಉರ್ದುವಿನಲ್ಲಿ ಹಾಗಲ್ಲ. ‘ಘರ್’, ಅಂದರೆ ಮನೆ, ಎಂದು ಬರೆಯಬೇಕಾದರೆ ಮೊದಲು ಗಾಫ್, ಅದರ ಬೆನ್ನಿಗೆ ದೋ ಚಶ್ಮೀ ಹೇ, ಆಮೇಲೆ ರೇ. ಅರಬ್ಬಿಯಲ್ಲಿ ಮಹಾಪ್ರಾಣಗಳೇ ಇಲ್ಲ. ಆ ಲಿಪಿಯನ್ನು ಒಗ್ಗಿಸಿಕೊಂಡ ಉರ್ದು ಒಂದು ಹಕಾರವನ್ನು ಮಹಾಪ್ರಾಣಕ್ಕೆಂದೇ ಮೀಸಲಿಟ್ಟಿದೆ. ದೋ ಚಶ್ಮೀ ಎಂದರೆ ಎರಡು ಕಣ್ಣಿನದು. ಉತ್ತರ ಕರ್ನಾಟಕದಲ್ಲಿ ಕನ್ನಡಕಕ್ಕೆ ಚಸ್ಮಾ ಅನ್ನುತ್ತಾರಲ್ಲ, ಅದೇ ಮೂಲದ ಮಾತು. ಬಾಯಿತುಂಬ ಉಚ್ಚರಿಸುವ ‘ಹ’ಕ್ಕೆ ಬೇರೆಯೇ ಅಕ್ಷರವಿದೆ, ಗೋಲ್ ಹೇ.

ಪ್ರತಿ ಅಕ್ಷರಕ್ಕೂ ಕಂಪ್ಯೂಟರಿಗೆಂದು ಒಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ದೋ ಚಶ್ಮೀ ಹೇಯ ಸಂಕೇತ 06ಬಿಇ, ಗೋಲ್ ಹೇಯದು 06ಸಿ1, ಅರಬ್ಬಿಯ ಮೂಲ ಹೇಯದು 0647. ಒಂದು ಹಕಾರಕ್ಕೆ ಮೂರು ಸಂಕೇತ ಏಕೆ? ಈ ಲಿಪಿಯಲ್ಲಿ ಅಕ್ಷರದ ರೂಪ ಪದದೊಳಗಿನ ಜಾಗ ನೋಡಿ ಬದಲಾಗುತ್ತದೆ. ಮೊದಲಿಗೆ ಒಂದು, ನಡುವೆ ಒಂದು, ಕೊನೆಗೆ ಒಂದು, ಒಂಟಿಯಾಗಿ ನಿಂತಾಗ ಇನ್ನೊಂದು. ಕಡತದಲ್ಲಿ ಉಳಿಯುವುದು ಸಂಕೇತ ಮಾತ್ರ. ರೂಪ ಆರಿಸುವ ಕೆಲಸ ಫಾಂಟಿನದು. ಅರಬ್ಬಿಯ ಹೇ ಪದದ ಆರಂಭದಲ್ಲಿ ಎರಡು ಕಣ್ಣು ಬಿಡುತ್ತದೆ, ಕೊನೆಗೆ ಬಂದಾಗ ಕಣ್ಣು ಮುಚ್ಚಿ ದುಂಡಗಾಗುತ್ತದೆ. ಉರ್ದುವಿಗೆ ಎಲ್ಲ ಜಾಗದಲ್ಲೂ ಕಣ್ಣು ತೆರೆದೇ ಇರುವ ಹೇ ಬೇಕು. ಅದಕ್ಕೇ ಪ್ರತ್ಯೇಕ ಸಂಕೇತ.

ಇದು ಬರೀ ಅಂದಚಂದದ ಮಾತಲ್ಲ. ಪೇ, ದೋ ಚಶ್ಮೀ ಹೇ, ರೇ ಬರೆದರೆ ‘ಫಿರ್’, ಮತ್ತೆ ಎಂದರ್ಥ. ನಡುವೆ ಗೋಲ್ ಹೇ ಇಟ್ಟರೆ ‘ಪಹರ್’, ಅಂದರೆ ಜಾವ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಎರಡು ಪದಗಳ ನಡುವಿನ ವ್ಯತ್ಯಾಸವೆಲ್ಲ ಆ ಒಂದು ಹೇಯಲ್ಲಿದೆ.

ಎಡವಟ್ಟಾಗುವುದು ಕೀಲಿಮಣೆಯಲ್ಲಿ. ಅರಬ್ಬಿ ಕೀಲಿಮಣೆ ಹಾಕಿಕೊಂಡು ಉರ್ದು ಟೈಪಿಸಿದರೆ ಬೀಳುವುದು 0647. ‘ಫಿರ್’ನ ನಡುವೆ ಅದೂ ಎರಡು ಸುತ್ತಿನಂತೆ ಕಾಣುವುದರಿಂದ ಟೈಪಿಸಿದವರಿಗೆ ಅನುಮಾನವೇ ಬರದು. ಆದರೆ ಸಂಕೇತಗಳನ್ನು ಕಡತದಲ್ಲಿ ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ದೋ ಚಶ್ಮೀ ಹೇ ಡಿಎ ಬಿಇ ಎಂಬ ಎರಡು ಬೈಟ್, ಅರಬ್ಬಿ ಹೇ ಡಿ9 87. ಹುಡುಕಿದವರಿಗೆ ಪದ ಸಿಗುವುದಿಲ್ಲ. ತಪ್ಪು ಹಿಡಿಯಲು ದೋ ಚಶ್ಮೀ ಹೇಯಲ್ಲಿ ಮುಗಿಯುವ ‘ಹಾಥ್’, ‘ಸಾಥ್’ನಂಥ ಪದಗಳನ್ನು ನೋಡಿ: ಕೊನೆಯ ಕಣ್ಣು ಮುಚ್ಚಿದ್ದರೆ ಅದು 0647 ಇರಬಹುದು. ವರ್ಡ್‌ನಲ್ಲಿ ಅಕ್ಷರದ ಬೆನ್ನಿಗೇ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಸಂಕೇತವೇ ಕಾಣುತ್ತದೆ, ಅನುಮಾನ ಉಳಿಯುವುದಿಲ್ಲ.

ಯುನಿಕೋಡ್‌ನ ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದಾಗಿಸುವ ವಿಧಾನ, ಇದನ್ನು ಸರಿಮಾಡುತ್ತದೆಂದು ಪ್ರೋಗ್ರಾಮರುಗಳು ನಂಬಿ ಕೂರುವುದುಂಟು. ಅದರ ಬಗೆಗಳಾದ ಎನ್‌ಎಫ್‌ಸಿಯಾಗಲಿ ಎನ್‌ಎಫ್‌ಕೆಸಿಯಾಗಲಿ ಈ ಮೂರನ್ನು ಒಂದು ಮಾಡುವುದಿಲ್ಲ. ಹಳೆಯ ಕಡತಗಳಲ್ಲಿ ಎಫ್‌ಬಿಎಎಯಿಂದ ಎಫ್‌ಬಿಎಡಿವರೆಗಿನ ಸಿದ್ಧರೂಪದ, ಅಂದರೆ ಮೊದಲು, ನಡು, ಕೊನೆ, ಒಂಟಿ ಆಕಾರಗಳಿಗೆ ಒಂದೊಂದರಂತೆ ಇರುವ ಸಂಕೇತಗಳಿದ್ದರೆ ಮಾತ್ರ ಎನ್‌ಎಫ್‌ಕೆಸಿ ಅವನ್ನು 06ಬಿಇಗೆ ತರುತ್ತದೆ. ಉಳಿದದ್ದು ಕೈಕೆಲಸ. ಮೂಲ ಪಠ್ಯದ ಪ್ರತಿ ತೆಗೆದಿಟ್ಟುಕೊಳ್ಳಿ. ಪದದ ಮೊದಲಲ್ಲಿರುವ 0647ಅನ್ನು ಗೋಲ್ ಹೇ ಮಾಡಬಹುದು, ಅಲ್ಲಿ ಮಹಾಪ್ರಾಣ ಬರುವುದಿಲ್ಲ. ಬೇ, ಪೇ, ತೇ, ಜೀಮ್, ದಾಲ್, ಕಾಫ್, ಗಾಫ್‌ನಂಥ ಅಕ್ಷರಗಳ ಬೆನ್ನಿಗಿದ್ದರೆ ಪದಪಟ್ಟಿ ನೋಡದೆ ಮುಟ್ಟಬೇಡಿ, ಫಿರ್ ಹೋಗಿ ಪಹರ್ ಆದೀತು. ಹುಡುಕಾಟದ ಸೂಚಿಯಲ್ಲಿ ಮಾತ್ರ ಮೂರನ್ನೂ ಒಂದೆಂದು ಎಣಿಸಿದರೆ ತೊಂದರೆಯಿಲ್ಲ. ಒಂದೆರಡು ಬೇಡದ ಫಲಿತಾಂಶ ಬಂದರೂ ಬೇಕಾದದ್ದು ತಪ್ಪುವುದಿಲ್ಲ.

ಉರ್ದು ಬರಹದ ನಡುವೆ ಅರಬ್ಬಿ ವಾಕ್ಯ ಉದ್ಧರಿಸಿದ್ದರೆ ಅಲ್ಲಿನ 0647 ಸರಿಯಾದದ್ದೇ, ಅದನ್ನು ಹಾಗೇ ಬಿಡಬೇಕು. ಹಳೆಯ ಹಸ್ತಪ್ರತಿಗಳದ್ದು ಇನ್ನೊಂದು ಪೇಚು: ಆಗಿನ ಲಿಪಿಕಾರರು ಎರಡೂ ಹೇಗಳನ್ನು ಅದಲುಬದಲಾಗಿ ಬರೆಯುತ್ತಿದ್ದರು. ಅಂಥ ಪುಟವನ್ನು ಟೈಪಿಸುವಾಗ ಬರೆದಂತೆಯೋ ಇಂದಿನ ಕಾಗುಣಿತದಂತೆಯೋ ಎಂಬುದನ್ನು ಮೊದಲ ಸಾಲಿಗೆ ಮುಂಚೆಯೇ ಗೊತ್ತುಮಾಡಿಕೊಂಡು, ಕಡತದ ತಲೆಯಲ್ಲಿ ಬರೆದಿಡಬೇಕು.