ಮೊದಲು ಗಾಳಿ, ಆಮೇಲೆ ಕಂಪನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹತ್ತಿರ ಬಂತೆಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ. 'ಸಾರ್, ಕಾರಿಗೆ ಟೈರ್ ಹಾಕಿಸಬೇಕು. ಏಳು ಸಾವಿರದ್ದು ತಗೊಳ್ಳಲೋ, ನಾಲ್ಕು ಸಾವಿರದ್ದೇ ಸಾಕೋ?' ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. 'ಈಗಿರುವ ಟೈರಿನಲ್ಲಿ ಗಾಳಿ ಎಷ್ಟಿದೆ?' ಆ ಕಡೆಯಿಂದ ಉತ್ತರವೇ ಬರುವುದಿಲ್ಲ.

ಆದ್ದರಿಂದ ಇವತ್ತು ಹೇಳಬೇಕಾದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರು ಇಷ್ಟು ಕೇಳಿಸಿಕೊಂಡರೂ ಸಾಕು. ಮೊದಲು ಗಾಳಿ, ಆಮೇಲೆ ಕಂಪನಿ.

ನಾನು ಮಾತಾಡುತ್ತಿರುವುದು ಮನೆಗೊಂದು ಸಣ್ಣ ಕಾರು ಇಟ್ಟುಕೊಂಡವರ ಜೊತೆ. ದಿನಾ ಆಫೀಸು, ಮಕ್ಕಳ ಸ್ಕೂಲು. ಹಬ್ಬಕ್ಕೆ ಊರು. ವರ್ಷಕ್ಕೊಮ್ಮೆ ಧರ್ಮಸ್ಥಳ, ಸುಬ್ರಹ್ಮಣ್ಯ. ಇಂಥವರಿಗೆ ದುಬಾರಿ ಟೈರು ಬೇಕಾ, ಬೇಡವಾ?

ದುಬಾರಿ ಟೈರಿನಲ್ಲಿ ಇರುವುದೇನು ಅಂತ ಮೊದಲು ನೋಡೋಣ. ಟೈರಿಗೆ ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಿಂದ. ಅದು ರಬ್ಬರಿಗೆ ಗಟ್ಟಿತನ ಕೊಡುತ್ತದೆ. ಒಳ್ಳೆಯ ಟೈರುಗಳಲ್ಲಿ ಇದರ ಜೊತೆ ಮರಳಿನಲ್ಲಿರುವ ಸಿಲಿಕಾ ಅನ್ನುವ ಪದಾರ್ಥವನ್ನೂ ಜಾಸ್ತಿ ಸೇರಿಸುತ್ತಾರೆ. ಸಿಲಿಕಾ ಇದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ, ಚಕ್ರ ಸಲೀಸಾಗಿ ಉರುಳುತ್ತದೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತದೆ. ಇನ್ನೊಂದು, ಸದ್ದು. ಟೈರಿನಲ್ಲಿ ರಸ್ತೆಗೆ ತಾಗುವ ಉಬ್ಬುಗಳಿರುತ್ತವಲ್ಲ, ಆ ಬಟನ್‌ಗಳನ್ನು ಗಮನಿಸಿ ನೋಡಿ. ಎಲ್ಲವೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು. ಬೇಕೆಂದೇ ಹಾಗೆ ಮಾಡುತ್ತಾರೆ. ಎಲ್ಲವೂ ಒಂದೇ ಅಳತೆ ಇದ್ದರೆ ರಸ್ತೆಯ ಮೇಲೆ ಒಂದೇ ರಾಗದಲ್ಲಿ ಗುಂಯ್ ಅನ್ನುತ್ತದೆ. ಈ ಜೋಡಣೆಯ ಮೇಲೆ ದುಬಾರಿ ಕಂಪನಿಗಳು ಬಹಳ ಕೆಲಸ ಮಾಡುತ್ತವೆ. ನನಗೆ ಇಷ್ಟವಾದ ವಿಷಯ ಇದು. ಬಿಟ್ಟರೆ ಅರ್ಧ ಗಂಟೆ ಮಾತಾಡುತ್ತೇನೆ, ಆದರೆ ಬಿಡುವುದಿಲ್ಲ ಈ ಸ್ಟುಡಿಯೊದವರು.

ಊರೊಳಗೆ, ಒಣ ರಸ್ತೆಯಲ್ಲಿ, 40ರ ವೇಗದಲ್ಲಿ ಈ ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮಳೆಯಲ್ಲಿ, ಬ್ರೇಕ್ ಹೊಡೆದಾಗ. ಲೆಕ್ಕ ಹಾಕಿ ಹೇಳುತ್ತೇನೆ. 80ರ ವೇಗದಲ್ಲಿ ಹೋಗುತ್ತಿದ್ದೀರಿ. ರಸ್ತೆ ಒದ್ದೆ. ದನ ಅಡ್ಡ ಬಂತು, ಬ್ರೇಕ್ ಹೊಡೆದಿರಿ. ಒಳ್ಳೆ ಹಿಡಿತದ ಟೈರು 36 ಮೀಟರಿಗೆ ನಿಲ್ಲಿಸಿತು ಅಂದುಕೊಳ್ಳಿ. ಹಿಡಿತ ಏಳರಲ್ಲಿ ಒಂದು ಪಾಲು ಕಡಿಮೆ ಇರುವ ಟೈರಿಗೆ 42 ಮೀಟರ್ ಬೇಕು. ಆರು ಮೀಟರ್ ತಾನೇ ಅನ್ನಬೇಡಿ. ಮೊದಲನೇ ಕಾರು ಪೂರ್ತಿ ನಿಂತುಬಿಟ್ಟ ಜಾಗದಲ್ಲಿ ಎರಡನೇ ಕಾರು ಇನ್ನೂ 30ರ ವೇಗದಲ್ಲಿ ಹೋಗುತ್ತಿರುತ್ತದೆ. ದನದ ಗತಿ ನೀವೇ ಯೋಚಿಸಿ.

ಹಾಗಾದರೆ ಏಳು ಸಾವಿರದ್ದೇ ತಗೊಳ್ಳೋಣ ಅಂದಿರಾ? ಸ್ವಲ್ಪ ತಡೆಯಿರಿ. ಒಂದು ಕತೆ ಹೇಳುತ್ತೇನೆ.

ಮೈಸೂರಿನಲ್ಲಿ ನನ್ನ ಪರಿಚಯದ ಭಾವ-ಮೈದುನ ಇದ್ದಾರೆ. ಒಂದೇ ಬೀದಿ, ಎದುರುಬದುರು ಮನೆ. ಇಬ್ಬರದ್ದೂ ಒಂದೇ ಕಾರು. ಬಣ್ಣವೂ ಒಂದೇ. ಮೈದುನನ ಅಕ್ಕ, ಅಂದರೆ ಭಾವನ ಹೆಂಡತಿ, ಆರಿಸಿದ್ದು, ಹಾಗಾಗಿ ಎರಡು ಮಾತಿಲ್ಲ. ಟೈರು ಸವೆದದ್ದೂ ಹೆಚ್ಚುಕಮ್ಮಿ ಒಟ್ಟಿಗೇ. ಭಾವ ಬ್ಯಾಂಕಿನಿಂದ ನಿವೃತ್ತರು. ಅವರು ಅಂಗಡಿಯಲ್ಲಿದ್ದ ದುಬಾರಿ ಫಾರಿನ್ ಹೆಸರಿನ ಟೈರು ಹಾಕಿಸಿದರು. ಮೈದುನ ಕಾಲೇಜಿನಲ್ಲಿ ಗುಮಾಸ್ತ. ಅವನು ನಮ್ಮ ದೇಶದ ಕಂಪನಿಯ ಕಡಿಮೆ ಬೆಲೆಯದು ಹಾಕಿಸಿದ. ಭಾವ ಬಿಡುತ್ತಾರಾ? 'ಪ್ರಾಣಕ್ಕಿಂತ ದುಡ್ಡೇ ದೊಡ್ಡದಾಯ್ತೇನೋ ನಿಂಗೆ?' ಅಂತ ಮದುವೆ ಮನೆಯಲ್ಲಿ ಎಲ್ಲರೆದುರಿಗೇ ಕೇಳಿದರು. ಮೈದುನ ನಕ್ಕು ಪಾಯಸ ಬಡಿಸಿಕೊಂಡ.

ಈ ಮೈದುನನಿಗೆ ಒಂದು ಅಭ್ಯಾಸ. ಕಾರಿನಲ್ಲಿ ಗಾಳಿ ನೋಡುವ ಗೇಜು ಇಟ್ಟುಕೊಂಡಿದ್ದಾನೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿರುವಾಗ ನಾಲ್ಕಕ್ಕೂ ಹಿಡಿದು ನೋಡುತ್ತಾನೆ. ಕಾರಿನ ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ಗಾಳಿಯ ಒತ್ತಡ 33 ಅಂತ ಇದೆ. 33 ಇರಬೇಕು. ಅಷ್ಟೇ ಅವನ ಶಾಸ್ತ್ರ. ಭಾವನಿಗೆ ಇದು ತಮಾಷೆ. ಅವರದ್ದೇ ಬೇರೆ ಸಿದ್ಧಾಂತ. 'ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತೆ, ಟೈರು ಸಿಡಿಯುತ್ತೆ. ಅದಕ್ಕೆ ಕಮ್ಮಿ ಹಾಕಿಸಬೇಕು' ಅಂತ. ಪಂಕ್ಚರ್ ಅಂಗಡಿಯ ಹುಡುಗನಿಗೆ 25 ಹಾಕು ಅನ್ನುತ್ತಿದ್ದರು. ಬೇಸಿಗೆ ಮುಗಿದ ಮೇಲೆ ಜಾಸ್ತಿ ಮಾಡಿಸುತ್ತಿದ್ದರಾ? ಅದು ಮರೆತುಹೋಗುತ್ತಿತ್ತು.

ಎರಡು ವರ್ಷಕ್ಕೇ ಭಾವ ಸಿಟ್ಟಾಗಿ ನನ್ನ ಹತ್ತಿರ ಬಂದರು. 'ಮೋಸ ರೀ! ಇಷ್ಟು ದುಡ್ಡು ಕೊಟ್ಟಿದ್ದೀನಿ, ಟೈರು ನುಣ್ಣಗಾಗಿದೆ' ಅಂದರು. ನಾನು ಕೈಯಾಡಿಸಿ ನೋಡಿದೆ. ಎರಡೂ ಅಂಚು ಬೋಳು. ನಡುವಿನ ಬಟನ್ ಮಾತ್ರ ಹೊಸದರ ಹಾಗೆ ನಿಂತಿದೆ. ಗಾಳಿ ಕಡಿಮೆ ಇಟ್ಟು ಓಡಿಸಿದ ಟೈರು ಹೀಗೇ ಸವೆಯುತ್ತದೆ. ಮೈದುನನ ಕಾರನ್ನೂ ತರಿಸಿದೆ. ನಾಲ್ಕು ಸಾವಿರದ ಟೈರು, ಅಂಚೂ ನಡುವೂ ಒಂದೇ ಸಮ ಸವೆದು ಇನ್ನೂ ಒಂದು ವರ್ಷ ಓಡುವ ಹಾಗಿದೆ.

'ಹಾಗಾದ್ರೆ ಬೇಸಿಗೇಲಿ ಗಾಳಿ ಹಿಗ್ಗಲ್ವಾ?' ಭಾವ ಬಿಡಲಿಲ್ಲ. ಹಿಗ್ಗುತ್ತದೆ ಸ್ವಾಮಿ. ಅದು ಕಾರು ಮಾಡಿದವರಿಗೂ ಗೊತ್ತು. ಅದನ್ನು ಲೆಕ್ಕಕ್ಕೆ ಹಿಡಿದೇ ಅವರು 33 ಅಂದಿರುವುದು. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಿಚಿಕೊಳ್ಳುತ್ತದೆ. ಬೆಂಗಳೂರು ಹೈವೇಯಲ್ಲಿ 100ರಲ್ಲಿ ಹೋದರೆ ಚಕ್ರ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. 14 ಸಲ ಮಡಿಚಿ, 14 ಸಲ ಬಿಚ್ಚಿ ಟೈರು ತನ್ನಷ್ಟಕ್ಕೆ ತಾನೇ ಕಾದು ಬಿಸಿಯಾಗುತ್ತದೆ. ಸಿಡಿಯುವುದು ಆ ಕಾವಿಗೆ. ಅಂದರೆ ಸಿಡಿಯಬಾರದು ಅಂತ ಭಾವ ಏನು ಮಾಡುತ್ತಿದ್ದರೋ, ಅದೇ ಸಿಡಿಸುವ ದಾರಿ. ಪಕ್ಕದಲ್ಲಿ ಅಕ್ಕ ನಿಂತಿದ್ದರು. 'ಇವರು ನನ್ನ ತಮ್ಮನ ಗೇಜನ್ನ ಆಟದ ಸಾಮಾನು ಅಂತಿದ್ರು' ಅಂದರು. ಭಾವ ಇವತ್ತಿನವರೆಗೂ ತಮ್ಮದು ತಪ್ಪು ಅಂತ ಒಪ್ಪಿಲ್ಲ. ಆದರೆ ಒಂದು ಗೇಜು ತಗೊಂಡಿದ್ದಾರೆ. ಅದೂ ದುಬಾರಿಯದು.

ಕತೆ ಉದ್ದವಾಯಿತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಫಾರಿನ್ ಅಂದರೆ ಮೇಲು, ದೇಶಿ ಅಂದರೆ ಕೀಳು ಅಂತ ತಿಳಿಯಬೇಡಿ. ಜಪಾನಿನ ಬ್ರಿಜ್‌ಸ್ಟೋನ್ ಟೈರು ಪುಣೆ ಹತ್ತಿರದ ಚಾಕಣ್‌ನಲ್ಲೂ ತಯಾರಾಗುತ್ತದೆ. ದೇಶಿ ಕಂಪನಿಗಳು ನಮ್ಮ ಗುಂಡಿ ರಸ್ತೆ ನೋಡಿಯೇ ಟೈರಿನ ಪಕ್ಕವನ್ನು ಗಟ್ಟಿ ಮಾಡುತ್ತವೆ. ದುಬಾರಿ ಟೈರಿನ ಮೆತ್ತನೆ ರಬ್ಬರು ಎಷ್ಟೋ ಸಲ ಬೇಗ ಸವೆಯುತ್ತದೆ. ಐಎಸ್‌ಐ ಗುರುತು ಇಲ್ಲದ್ದನ್ನು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಬೇರೆಯವರು ಬಿಚ್ಚಿಹಾಕಿದ ಸೆಕೆಂಡ್ ಹ್ಯಾಂಡ್ ಟೈರೂ ಬೇಡ. ಇದರಲ್ಲಿ ಚರ್ಚೆಯೇ ಇಲ್ಲ.

ಊರೊಳಗಿನ ಓಡಾಟವೇ ಜಾಸ್ತಿ ಅಂದರೆ ಹೆಸರಿರುವ ಕಂಪನಿಯ ಕಡಿಮೆ ಬೆಲೆಯದ್ದು ಸಾಕು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿದು ಹತ್ತುವವರು, ವಾರವಾರ ಹೈವೇ ಹಿಡಿಯುವವರು ದುಬಾರಿಯದಕ್ಕೆ ದುಡ್ಡು ಕೊಡಿ. ಆ ಆರು ಮೀಟರಿಗೆ ಅಂತ ಕೊಡಿ.

ಅಂಗಡಿಯಲ್ಲಿ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ಡಾಟ್ (DOT) ಅಂತ ಇಂಗ್ಲಿಷಿನಲ್ಲಿ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಆಫರ್ ಇದೆ ಸಾರ್ ಅಂದರೆ ಮೊದಲು ಆ ಅಂಕಿಗೆ ಟಾರ್ಚು ಬಿಡಿ. ಗೋಡೌನಿನಲ್ಲಿ ಮೂರ್ನಾಲ್ಕು ವರ್ಷ ಕೂತ ದುಬಾರಿ ಟೈರಿಗಿಂತ ಮೊನ್ನೆ ಬಂದ ಅಗ್ಗದ್ದನ್ನೇ ನಾನು ತಗೊಳ್ಳುತ್ತೇನೆ. ಬಟನ್ ನಡುವಿನ ಕಾಲುವೆಯಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸವೆದು ಅದರ ಮಟ್ಟಕ್ಕೆ ಬಂತೆಂದರೆ ಉಳಿದಿರುವುದು 1.6 ಮಿಲಿಮೀಟರ್. ಅಲ್ಲಿಗೆ ಕಾನೂನಿನ ಪ್ರಕಾರ ಅದರ ಆಯಸ್ಸು ಮುಗಿಯಿತು. ಎರಡೇ ಹೊಸದು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ತಿರುಗಿಬಿಡುತ್ತದೆ.

ನೈಟ್ರೋಜನ್ ಹಾಕಿಸಬೇಕಾ ಅಂತ ಕೇಳುತ್ತಾರೆ. ನೀವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅದು ಇದ್ದರೆ ಸಂತೋಷ, ಇಲ್ಲದಿದ್ದರೆ ಚಿಂತೆಯಿಲ್ಲ. ಗಾಳಿ ಎಷ್ಟಿದೆ ಅನ್ನುವುದನ್ನು ನೋಡಿ, ಸಾಕು. ಟೈರಿನ ಮೇಲೆ ಅಚ್ಚಾದ ಗಾಳಿಯ ಅಂಕಿ ಬೇರೆ. ಅದು ಹೆಚ್ಚೆಂದರೆ ತಡೆಯುವ ಒತ್ತಡ. ನಿಮಗೆ ಬೇಕಾದದ್ದು ಬಾಗಿಲ ಹತ್ತಿರದ ಚೀಟಿಯಲ್ಲಿರುವ ಅಂಕಿ. ನಾಳೆ ಬೆಳಿಗ್ಗೆ ಅದನ್ನು ಓದಿಕೊಂಡು ನಾಲ್ಕೂ ಚಕ್ರಕ್ಕೆ ಗಾಳಿ ನೋಡಿಸಿ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ನೋಡಿಸಿ. ಅದಕ್ಕೆ ಯಾರೂ ಗಾಳಿ ಹಾಕಿಸುವುದಿಲ್ಲ.

ನಮಸ್ಕಾರ.