ದುಡ್ಡಿಲ್ಲದೆ ಕೂರಲು ಒಂದು ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಡೋನೇಷ್ಯಾದ ಹುಡುಗ ಹುಡುಗಿಯರ ಬಾಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ನೊಂಗ್‌ಕ್ರೊಂಗ್. ಮೂಲ ಅರ್ಥ, ಕುಕ್ಕರಗಾಲಲ್ಲಿ ಕೂರುವುದು. ಈಗಿನ ಅರ್ಥ, ಗೆಳೆಯರ ಜೊತೆ ಸುಮ್ನೆ ಕೂತು ಹೊತ್ತು ಕಳೆಯುವುದು. ನಮ್ಮಲ್ಲಿ ಕಟ್ಟೆ ಪುರಾಣ ಅಂತೀವಲ್ಲ, ಹಾಗೆ. ಅದಕ್ಕೆ ಕೆಲಸ ಬೇಕಿಲ್ಲ, ವಿಷಯವೂ ಬೇಕಿಲ್ಲ. ಕೂರಲು ಜಾಗ ಮಾತ್ರ ಬೇಕು.

ಜಾವಾ ದ್ವೀಪದ ಯೋಗ್ಯಕರ್ತಾ ವಿದ್ಯಾರ್ಥಿಗಳ ಊರು. ಸಂಜೆಯಾದರೆ ಅಲ್ಲಿ ರಸ್ತೆ ಬದಿಗೆ ಅಂಗ್‌ಕ್ರಿಂಗನ್ ಎಂಬ ತಿಂಡಿ ಗಾಡಿಗಳು ಬರುತ್ತವೆ. ಅದರಲ್ಲಿ ನಾಸಿ ಕುಚಿಂಗ್, ಅಂದರೆ ಬೆಕ್ಕಿನ ಅನ್ನ, ಸಿಗುತ್ತದೆ. ಬೆಕ್ಕಿಗೆ ಹಾಕುವಷ್ಟೇ ಅನ್ನ, ಜೊತೆಗೆ ಒಂಚೂರು ಸಂಬಾಲ್ ಎಂಬ ಖಾರದ ಚಟ್ನಿ, ಪುಟ್ಟ ಪೊಟ್ಟಣದಲ್ಲಿ. ತುಗು ರೈಲು ನಿಲ್ದಾಣದ ಹತ್ತಿರ ಕಾಫಿ ಲೋಟಕ್ಕೆ ಉರಿಯುವ ಕೆಂಡವನ್ನೇ ಹಾಕಿ ಕೊಡುತ್ತಾರೆ. ಅದು ಚುಂಯ್ ಅನ್ನುತ್ತದೆ. ಚಾಪೆಯ ಮೇಲೆ ಕೂತವರನ್ನು ಯಾರೂ ಏಳಿ ಅನ್ನುವುದಿಲ್ಲ.

ಜಕಾರ್ತದಲ್ಲಿ ಹಾಗಲ್ಲ. ಹತ್ತು ವರ್ಷದಿಂದೀಚೆಗೆ ಅಲ್ಲಿ ಹಾಲು, ತಾಳೆ ಬೆಲ್ಲ ಹಾಕಿದ ತಣ್ಣನೆ ಕಾಫಿಯ ಅಂಗಡಿಗಳು ಬೀದಿ ಬೀದಿಗೆ ಬಂದಿವೆ. ಚೆಂದದ ಕುರ್ಚಿ, ಎ.ಸಿ., ವೈಫೈ ಎಲ್ಲ ಇದೆ. ಆದರೆ ಕೂರಬೇಕಾದರೆ ಜೇಬಲ್ಲಿ ದುಡ್ಡಿರಬೇಕು. ಇಲ್ಲದವರು ಎಲ್ಲಿಗೆ ಹೋಗಬೇಕು?

2022ರ ಜುಲೈನಲ್ಲಿ ಇದಕ್ಕೆ ಮಕ್ಕಳೇ ಉತ್ತರ ಹುಡುಕಿಕೊಂಡರು. ಜಕಾರ್ತದ ಹೊರವಲಯದ ಚಿತಾಯಾಮ್, ಬೋಜೊಂಗ್ ಗೆಡೆ, ದೆಪೋಕ್ ಕಡೆಯ ಹದಿಹರೆಯದವರು ಲೋಕಲ್ ರೈಲು ಹತ್ತಿದರು. ಮೊದಲ 25 ಕಿಲೋಮೀಟರಿಗೆ 3,000 ರುಪಿಯಾ ಟಿಕೆಟ್. ನಮ್ಮ ಲೆಕ್ಕದಲ್ಲಿ 20 ರೂಪಾಯಿಗೂ ಕಡಿಮೆ. ಇಳಿದದ್ದು ಸುದಿರ್ಮಾನ್ ರಸ್ತೆಯ ದುಕುಹ್ ಅತಾಸ್‌ನಲ್ಲಿ. ಸುತ್ತಲೂ ಗಾಜಿನ ಕಟ್ಟಡಗಳು, ಬ್ಯಾಂಕುಗಳು. ಅಲ್ಲಿನ ಜೀಬ್ರಾ ಪಟ್ಟೆಯನ್ನೇ ರ‍್ಯಾಂಪ್ ಮಾಡಿಕೊಂಡು, ಅಗ್ಗದ ಬಟ್ಟೆಗಳನ್ನು ತಮಗೆ ತೋಚಿದಂತೆ ಜೋಡಿಸಿ ತೊಟ್ಟು, ಅತ್ತಿಂದಿತ್ತ ನಡೆದರು. ಜನ ಅದಕ್ಕೆ ಚಿತಾಯಾಮ್ ಫ್ಯಾಶನ್ ವೀಕ್ ಅಂತ ಹೆಸರಿಟ್ಟರು.

ಇನ್ನೊಂದು ಹೆಸರಂತೂ ನನಗೆ ತುಂಬ ಇಷ್ಟ. ಎಸ್‌ಸಿಬಿಡಿ ಅಂದರೆ ಸುದಿರ್ಮಾನ್ ಸೆಂಟ್ರಲ್ ಬಿಸಿನೆಸ್ ಡಿಸ್ಟ್ರಿಕ್ಟ್, ಜಕಾರ್ತದ ಶ್ರೀಮಂತ ವ್ಯಾಪಾರ ಕೇಂದ್ರ. ಅದೇ ನಾಲ್ಕು ಅಕ್ಷರಕ್ಕೆ ಸುದಿರ್ಮಾನ್, ಚಿತಾಯಾಮ್, ಬೋಜೊಂಗ್ ಗೆಡೆ, ದೆಪೋಕ್ ಅಂತ ಹೊಸ ಬಿಡಿಸುವಿಕೆ ಹುಟ್ಟಿತು. ಅಲ್ಲಿ ಚಿತಾಯಾಮ್ ಅಂತ ಬರೆಯುವುದು ಇಂಗ್ಲಿಷಿನ ಸಿ ಅಕ್ಷರದಿಂದ. ಅಲ್ಲಿನ ಎಳೆಯರಿಗೆ ಇದು ಕೈವಶವಾದ ಆಟ. ಮಲಸ್ ಗೆರಾಕ್, ಅಂದರೆ ಅಲುಗಾಡಲು ಸೋಮಾರಿತನ, ಅವರ ಬಾಯಲ್ಲಿ ಮಾಗೆರ್ ಆಗಿದೆ. ಆದರೆ ಈ ನಾಲ್ಕು ಅಕ್ಷರದಲ್ಲಿ ಆಟಕ್ಕಿಂತ ಜಾಸ್ತಿ ಇದೆ. ಈ ಊರು ನಮ್ಮದೂ ಹೌದು ಅನ್ನುವ ಹಕ್ಕಿನ ಮಾತಿದೆ.

ಆಮೇಲೆ ದೊಡ್ಡವರು ಬಂದರು. ರಾಜಕಾರಣಿಗಳು ಆ ಪಟ್ಟೆಯ ಮೇಲೆ ನಡೆದರು, ಮಾಡೆಲ್‌ಗಳು ಬಂದರು. ಒಬ್ಬ ಸಿನಿಮಾ ನಟರ ಕಂಪನಿ ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತು. ಜನ ರೇಗಿದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಗುಂಪು ಹೆಚ್ಚಿತು, ಟ್ರಾಫಿಕ್ ನಿಂತಿತು, ಕಸ ಬಿತ್ತು. ಅದೆಲ್ಲ ನಿಜ. ಪೊಲೀಸರು ಬಂದು ಮಕ್ಕಳನ್ನು ಚದುರಿಸಿದರು. ಅಷ್ಟರಲ್ಲಿ ಜಾವಾದ ಇನ್ನೊಂದು ದೊಡ್ಡ ಊರು ಸುರಬಾಯಾದ ತುಂಜುಂಗನ್ ರಸ್ತೆಯಲ್ಲೂ ಇಂಥದೇ ನಡಿಗೆ ಶುರುವಾಗಿತ್ತು.

ಫ್ಯಾಶನ್ ಹುಚ್ಚು ಅಂದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಬಟ್ಟೆ ಒಂದು ನೆಪ, ಅಲ್ವಾ? ಮನೆ ಇಕ್ಕಟ್ಟು, ಮಾಲ್ ದುಬಾರಿ. ಹದಿನಾರರ ಹುಡುಗಿಗೆ ನಾಲ್ಕು ಜನ ನೋಡುವ ಜಾಗ, ಗೆಳತಿಯ ಪಕ್ಕ ಕೂರುವ ಮೆಟ್ಟಿಲು ಬೇಕಿತ್ತು. ಅವಳು ಬಂದದ್ದು ಅದಕ್ಕೆ.

ಜಕಾರ್ತದ ಫುಟ್‌ಪಾತಿನಲ್ಲಿ ಸೈಕಲ್ ಮೇಲೆ ಕಾಫಿ ಮಾರುವವರಿದ್ದಾರೆ. ಸ್ಟಾರ್‌ಬಕ್ಸ್ ಕೆಲಿಲಿಂಗ್, ಅಂದರೆ ತಿರುಗಾಡುವ ಸ್ಟಾರ್‌ಬಕ್ಸ್ ಅಂತ ಜನರೇ ಪ್ರೀತಿಯಿಂದ ಕರೆದದ್ದು ಈಗ ಸ್ಟಾರ್‌ಲಿಂಗ್ ಆಗಿದೆ. ಸೈಕಲ್ಲಿಗೆ ಪುಡಿ ಪ್ಯಾಕೆಟ್ಟುಗಳ ಮಾಲೆ, ಹಿಂದೆ ಬಿಸಿನೀರಿನ ಫ್ಲಾಸ್ಕ್. ಕತ್ತರಿಯಲ್ಲಿ ಪ್ಯಾಕೆಟ್ ಕತ್ತರಿಸಿ, ಲೋಟಕ್ಕೆ ಸುರಿದು, ನೀರು ಹಾಕಿ ಕೊಡುತ್ತಾರೆ. ಒಂದು ಲೋಟ ಕೊಂಡು ಮೂವರು ಗೆಳೆಯರು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ನಮಸ್ಕಾರ.